ರೆಕಾರ್ಡ್ ರೂಮಿನ ಕತ್ತಲೆಗೆ ನನ್ನ ಇಂಗ್ಲಿಷು

ಕೊಚ್ಚಿಯ ನಮ್ಮ ಕಚೇರಿಯಲ್ಲಿ ನನ್ನ ಇಂಗ್ಲಿಷಿಗೆ ದೊಡ್ಡ ಹೆಸರಿತ್ತು. ಆ ಹೆಸರು ಹಬ್ಬಿಸಿದವನೂ ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೈಸೂರಿನಿಂದ ವರ್ಗವಾಗಿ ಬಂದ ಮೊದಲ ವಾರವೇ ಯಾರದೋ ರಜೆ ಅರ್ಜಿ ತಿದ್ದಿ, ಅವರು ಕೇಳದಿದ್ದರೂ ಕಾರಣ ವಿವರಿಸಿದ್ದೆ.

ಹಾಗಾಗಿ ರೆಕಾರ್ಡ್ ರೂಮು ನೋಡಿಕೊಳ್ಳುವ, ನಾವೆಲ್ಲ ಅಲ್ಲಿನ ರೂಢಿಯಂತೆ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವ ಹೆಂಗಸು ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತರು. ತಪ್ಪು ಫೈಲು ಕಳಿಸಿದ್ದಕ್ಕೆ ತಿರುವನಂತಪುರದ ಮೇಲಿನ ಕಚೇರಿಯಿಂದ ಅವರಿಗೆ ಎರಡನೆಯ ಮೆಮೊ ಬಂದಿತ್ತು. ಮೂರನೆಯದು ಬಂದರೆ ಅಲ್ಲಿಗೇ ವರ್ಗ. ಊರಂಚಿನ ಅಂಬಲಮುಗಳ್‌ನ ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು, ನೋಡಿಕೊಳ್ಳಲು ಇವರೊಬ್ಬರೇ. ತಪ್ಪು ಇವರದಲ್ಲ, ಕೋಣೆಯದು. ಮೆಟ್ಟಿಲ ಕೆಳಗಿನ ಆ ಕೋಣೆಗೆ ಕಿಟಕಿಯೇ ಇಲ್ಲ. ಇದ್ದ ಒಂದೇ ಟ್ಯೂಬ್‌ಲೈಟಿನ ಎರಡು ತುದಿಯೂ ಕಪ್ಪಾಗಿದ್ದವು.

“ಇರುಟ್ಟ್ ಎನ್ನ್ ಎಳುತಿಯಾಲ್ ಪೋರೇ, ಸಾರೇ?” ಎಂದರು. ಕತ್ತಲೆ ಎಂದು ಬರೆದರೆ ಸಾಲದೇ ಎಂಬುದು ಅವರ ಪ್ರಶ್ನೆ.

ಸಾಲುತ್ತಿತ್ತು. ಆದರೆ ಅಷ್ಟಕ್ಕೆ ನಾನೇಕೆ ಬೇಕು? ಮೆಮೊಗೆ ಅವರ ಪರವಾಗಿ ಉತ್ತರ ಬರೆಯುತ್ತಾ ಕೋಣೆಯನ್ನು ‘ಡಿಮ್’ ಎಂದೆ. ದೀಪ ಇದೆಯಲ್ಲ, ಆದ್ದರಿಂದ ಪೂರ್ತಿ ಕತ್ತಲೆಯಲ್ಲ, ಮಬ್ಬು ಎಂದು ಚೇಚಿಗೆ ಪಾಠವನ್ನೂ ಮಾಡಿದೆ. ವಿವರ ಸಾಲದು ಎಂದು ಮರುಪ್ರಶ್ನೆ ಬಂತು. ಎರಡನೆಯ ಪತ್ರಕ್ಕೆ ‘ಗ್ಲೂಮಿ’ ಹಾಕಿದೆ, ಒಳಗೆ ಹೋದವರ ಮನಸ್ಸೂ ಕುಗ್ಗುತ್ತದೆಂದು ಅವರಿಗೆ ತಿಳಿಯಲಿ ಅಂತ. ಮತ್ತೆ ಮರುಪ್ರಶ್ನೆ. ಮೂರನೆಯದಕ್ಕೆ ‘ಡಿಂಜಿ’. ಮಂಕಿನ ಜೊತೆ ಅದರಲ್ಲಿ ಕೊಳೆಯೂ ಇದೆ ಎಂದೊಡನೆ ಚೇಚಿಯ ಮುಖ ಸಣ್ಣದಾಯಿತು. ಆ ಕೋಣೆಯನ್ನು ದಿನಾ ಗುಡಿಸುವವರು ಅವರೇ. ನಾಲ್ಕನೆಯದಕ್ಕೆ ನಿಘಂಟು ತಿರುವಿ ‘ಟೆನೆಬ್ರಸ್’ ಎಂಬ ಭಾರೀ ಪದ ಹೆಕ್ಕಿದೆ, ಅರ್ಥ ಅದೇ ಕತ್ತಲೆ. ಅದನ್ನು ಟೈಪು ಮಾಡಿದ ಖುಷಿಗೆ ಸಂಜೆ ಮನೆಗೆ ಪಳಂಪೊರಿ, ಅಲ್ಲಿನ ಬಾಳೆಹಣ್ಣಿನ ಬಜ್ಜಿ, ಕಟ್ಟಿಸಿಕೊಂಡು ಹೋದೆ.

ಹೆಂಡತಿ ತಿನ್ನುತ್ತಾ ಕೇಳಿದಳು, “ಅಲ್ಲಾ ರೀ, ಆ ಯಮ್ಮನ್ನ ಇಲ್ಲೇ ಉಳಿಸ್ಬೇಕು ಅಂತ ಬರೀತಿದೀರೋ, ನಿಮ್ಮ ಇಂಗ್ಲಿಷ್ ತೋರಿಸ್ಬೇಕು ಅಂತಲೋ?”

“ಎರಡಕ್ಕೂ ಕಣೇ,” ಎಂದೆ. ಅವಳು ನಂಬಲಿಲ್ಲ.

ಆದರೂ ಪದ ಕೆಲಸ ಮಾಡಿತು. ಏನಿದು ಎಂದು ನೋಡಲು ತಿರುವನಂತಪುರದ ಅಧಿಕಾರಿ ಖುದ್ದಾಗಿ ಬರುತ್ತಾರೆಂದು ಸುದ್ದಿ ಬಂತು. ಮೇಲಿನವರು ಬರುತ್ತಾರೆಂದರೆ ನಮ್ಮ ಕಚೇರಿ ಮದುವೆ ಮನೆಯಾಗುತ್ತದೆ. ಹಿಂದಿನ ದಿನ ನೆಲ ಒರೆಸಿದೆವು, ಗೋಡೆಗೆ ಬಣ್ಣ ಬಳಿಸಿದೆವು. ರೆಕಾರ್ಡ್ ರೂಮೂ ಲಕ್ಷಣವಾಗಿ ಕಾಣಲೆಂದು ಮಹಡಿಯ ಎರಡು ಹೊಸ ದೀಪ ಬಿಚ್ಚಿ ತಂದು ಅಲ್ಲಿ ಹಾಕಿದೆವು. ಚೇಚಿ ಅವತ್ತು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು, ಇಲ್ಲದಿದ್ದರೆ ತಡೆಯುತ್ತಿದ್ದರು. ಸ್ಟೂಲು ಹತ್ತಿ ದೀಪ ಹಾಕಿದವನು ನಾನೇ. ಅಭ್ಯಾಸಬಲ, ನನ್ನ ಪತ್ರಗಳ ನೆನಪೇ ಆಗಲಿಲ್ಲ.

ಮರುದಿನ ಅಧಿಕಾರಿ ಆ ಕೋಣೆಯ ನಡುವೆ ನಿಂತು ನನ್ನ ನಾಲ್ಕೂ ಪತ್ರ ತೆರೆದರು. “ಇಲ್ಲಿ ಸೂಜಿಗೆ ದಾರ ಪೋಣಿಸಬಹುದಲ್ಲ,” ಎಂದರು. ಚೇಚಿ ದೀಪಗಳನ್ನು ನೋಡಿದರು, ಆಮೇಲೆ ನನ್ನನ್ನು. ಬಾಯಿ ಬಿಡಬೇಡ ಎಂಬಂತೆ ಹಿಂದಿನಿಂದ ಮ್ಯಾನೇಜರು ಕೆಮ್ಮಿದರು. ನಾನು ಸ್ವಿಚ್ಚಿನ ಹತ್ತಿರ ಹೋದೆ.

“ಈ ಎರಡು ದೀಪ ನಿನ್ನೆಯಷ್ಟೇ ಬಂದವು ಸಾರ್, ನಿಮಗೋಸ್ಕರ,” ಎಂದು ಅವನ್ನು ಆರಿಸಿದೆ. ಹಳೆಯ ಟ್ಯೂಬು ಮಾತ್ರ ಉಳಿಯಿತು. ಅಧಿಕಾರಿ ತಮಗೆ ಬೇಕಾದ ಒಂದು ಫೈಲನ್ನು ತಾವೇ ಕಪಾಟಿನಿಂದ ತೆಗೆದು ಹೊರಗೆ ತಂದರು. ಬೆಳಕಿನಲ್ಲಿ ನೋಡಿದರೆ ಅದು ಬೇರೆಯದೇ ಫೈಲು.

ಚೇಚಿಯ ಎರಡು ಮೆಮೊಗಳೂ ರದ್ದಾದವು. ಮೂರನೆಯದು ಮಾತ್ರ ಬಂದೇ ಬಂತು, ನನ್ನ ಹೆಸರಿಗೆ. ತಪಾಸಣೆಗೆ ಮುನ್ನ ದೀಪ ಬದಲಿಸಿದ್ದೇಕೆ, ವಿವರಣೆ ಕೊಡಿ. ನಾನು ನಿಘಂಟಿಗೆ ಕೈ ಹಾಕುವಷ್ಟರಲ್ಲಿ ಚೇಚಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಅವರು ಮಲಯಾಳದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ: ತಪ್ಪಾಯಿತು. ಇನ್ನು ಮಾಡುವುದಿಲ್ಲ. ಮಧ್ಯೆ ಒಂದೇ ಒಂದು ಪದ ಸೇರಿಸಲು ಕೈ ತುರಿಸಿತು. ಚೇಚಿ ಕಾಗದದ ಮೇಲೆ ಬೆರಳಿಟ್ಟು, “ಮದಿ ಸಾರೇ,” ಎಂದರು. ಸಾಕು.

ಸಹಿ ಹಾಕಿ ಕಳಿಸಿದೆ. ಮರುಪ್ರಶ್ನೆ ಬರಲಿಲ್ಲ.