ಬೀಗದ ಕೈ ಬಂತು, ಬಾಗಿಲಿರಲಿಲ್ಲ

ಓದಿಲಿಯಾಳ ಮುತ್ತಜ್ಜ ಸೆರಾಪಿಯೊ ಕಬ್ಬಿನ ಗದ್ದೆಯ ಗುಲಾಮ. ಕಬ್ಬು ಕಡಿಯಲೆಂದು ಧಣಿ ಕೊಟ್ಟ ಮಚ್ಚನ್ನೇ ಹೆಗಲಿಗೇರಿಸಿಕೊಂಡು ಒಂದು ಬೆಳಗ್ಗೆ ಕಾಡು ಸೇರಿದವನು, ಆಗ ನಮ್ಮ ದ್ವೀಪವನ್ನಾಳುತ್ತಿದ್ದ ಸ್ಪೇನಿನವರ ಮೇಲಿನ ದಂಗೆಯಲ್ಲಿ ಹತ್ತು ವರ್ಷ ಬರಿಗಾಲಲ್ಲಿ ಹೊಡೆದಾಡಿ, ಎಡಗೈಯ ಎರಡು ಬೆರಳು ಕಳೆದುಕೊಂಡು, ಮಚ್ಚನ್ನು ಮಾತ್ರ ಕಳೆಯದೆ ಹಿಂತಿರುಗಿದ. ಅವನ ಮಗ ಬಾಲ್ತಸಾರ್ ಸಾಂತ ರುಫೀನ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಸೌದೆ ನೂಕುವವನು. ಮುಷ್ಕರದ ವರ್ಷ ಸಿಪಾಯಿಗಳು ಗೇಟಿಗೆ ಬಂದಾಗ ಈತ ಕಾರ್ಖಾನೆ ಸಿಳ್ಳೆಯ ಸರಪಳಿಯನ್ನು ಜಗ್ಗಿ ಕಂಬಕ್ಕೆ ಬಿಗಿದ. ಆವಿ ತೀರುವವರೆಗೆ ಸಿಳ್ಳೆ ಕೂಗಿತು. ಕೂಗಿನ ದಾರಿ ಹಿಡಿದು ಸುತ್ತಲಿನ ಗದ್ದೆಗಳ ಜನವೆಲ್ಲ ಬಂದು ಗೇಟಿನ ಮುಂದೆ ಕುಳಿತರು. ಬಾಲ್ತಸಾರನಿಗೆ ಹದಿನಾಲ್ಕು ತಿಂಗಳ ಜೈಲು. ಹೊರಗೆ ಬಂದಾಗ ಅವನ ಕಿವಿ ಹೋಗಿತ್ತು. ಸಿಳ್ಳೆಯಿಂದಲೋ ಹೊಡೆತದಿಂದಲೋ, ಯಾರಿಗೂ ಹೇಳಲಿಲ್ಲ.

ಅವನ ಮಗಳು ಲಿಯೊಕಾದಿಯಾ, ನಮ್ಮ ಓದಿಲಿಯಾಳ ತಾಯಿ. ಕಾರ್ಖಾನೆಯ ಒಡೆಯರಾದ ಅಮೆರಿಕದ ಪ್ರೆಂಟಿಸ್ ಮನೆತನದ ಬಂಗಲೆಯಲ್ಲಿ ಹನ್ನೊಂದು ವರ್ಷ ಬಟ್ಟೆ ಒಗೆದವಳು. ಅಷ್ಟು ವರ್ಷದಲ್ಲಿ ಒಂದು ದಿನವೂ ಮುಂಬಾಗಿಲಿನಿಂದ ಒಳಗೆ ಕಾಲಿಟ್ಟವಳಲ್ಲ, ಇಡುವ ಹಾಗಿರಲಿಲ್ಲ. ಕ್ರಾಂತಿಯಾದ ಮರುವರ್ಷ ಪ್ರೆಂಟಿಸಮ್ಮ ಮುಂಬಾಗಿಲಿನ ಬೀಗ ತಿರುಗಿಸಿ, ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡು, ಆರು ವಾರದಲ್ಲಿ ಬರುತ್ತೇವೆ ಎಂದು ಹಡಗು ಹತ್ತಿದಳು. ಕಾರ್ಖಾನೆ ದೇಶದ ಪಾಲಾಯಿತು. ಬಂಗಲೆಯ ನಡುವೆ ಹಲಗೆಗೋಡೆ ಎಬ್ಬಿಸಿ ಎರಡು ಸಂಸಾರಗಳಿಗೆ ಹಂಚಿದರು. ಅರ್ಧ ಲಿಯೊಕಾದಿಯಾಳಿಗೆ ಬಂತು.

ಬೀಗ ಒಡೆಯಲು ಸೈನಿಕರು ಕೊಡಲಿ ಎತ್ತಿದರೆ ಅವಳು ಅಡ್ಡ ನಿಂತಳು. "ಒಳ್ಳೆ ದೇವದಾರು ಮರ ಕಣ್ರಪ್ಪಾ, ಕೊಡಲಿ ಹಾಕ್ಬೇಡಿ. ಬಾಗಿಲು ಏನ್ ಪಾಪ ಮಾಡಿತ್ತು?" ಎಂದವಳೇ ಹಿತ್ತಿಲಿಗೆ ಹೋಗಿ, ಹನ್ನೊಂದು ವರ್ಷದಿಂದ ಬಲ್ಲ ಅಗುಳಿಯನ್ನು ಕಡ್ಡಿ ತೂರಿಸಿ ಎತ್ತಿ, ಒಳಗಿನಿಂದ ಬಂದು ಮುಂಬಾಗಿಲಿನ ತಿರುಗಣಿಗಳನ್ನು ಬಿಚ್ಚಿದಳು. ಬೀಗ ಬಿದ್ದ ಬಾಗಿಲು ಬೀಗ ಬಿದ್ದ ಹಾಗೆಯೇ ಕೈಗೆ ಬಂತು. ಅದಕ್ಕೆ ನಾಲ್ಕು ಕಾಲು ಹೊಡೆಸಿ ಊಟದ ಮೇಜು ಮಾಡಿಕೊಂಡಳು. ಹಿತ್ತಿಲ ಬಾಗಿಲಿಗೆ ಮೊಳೆ ಜಡಿದಳು.

"ಈ ಮನೇಲಿ ಇನ್ಮೇಲೆ ಯಾರಿಗೂ ಹಿಂದಿನಿಂದ ಬಾ ಅನ್ನೋ ಹಾಗಿಲ್ಲ" ಎಂದಳು.

ಅಂದಿನಿಂದ ಆ ಮನೆಗೆ ಮುಂಬಾಗಿಲಿಲ್ಲ. ಸಕ್ಕರೆ ಚೀಲ ಬಿಚ್ಚಿ ಹೊಲಿದ ಪರದೆಯೊಂದು ತೂಗುತ್ತದೆ. ಬಿರುಗಾಳಿ ಬಂದಾಗ ಮಾತ್ರ ಹಲಗೆ ಹೊಡೆಯುತ್ತಾರೆ. ಮೇಜಿನ ಅಂಚಿನಿಂದ ಬೀಗದ ನಾಲಗೆ ಹೊರಗೆ ಚಾಚಿಕೊಂಡೇ ಉಳಿಯಿತು. ಹೋಗಿ ಬರುವವರ ಲಂಗ, ಷರಾಯಿ ಅದಕ್ಕೆ ಸಿಕ್ಕಿ ಹರಿದದ್ದುಂಟು. ಲಿಯೊಕಾದಿಯಾ ಅದಕ್ಕೆ ಕಾಫಿ ಸೋಸುವ ಬಟ್ಟೆ ಚೀಲವನ್ನು ನೇತುಹಾಕಿದಳು. ಅವಳು ಸತ್ತ ಮೇಲೆ ಮಗಳೂ ಅಲ್ಲಿಯೇ ನೇತುಹಾಕಿದಳು.

ಇಂಥವರ ಮಗಳು ಓದಿಲಿಯಾ. ಮೂವತ್ತೊಂದು ವರ್ಷ ಅದೇ ಕಾರ್ಖಾನೆಯಲ್ಲಿ ಪಾಕ ನೋಡಿದವಳು. ಕುದಿಯುವ ಪಾಕವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆದಳೆಂದರೆ, ಕಾಳು ಕಟ್ಟಿದೆಯೋ ಇಲ್ಲವೋ ಅವಳ ಬೆರಳು ಹೇಳುತ್ತಿತ್ತು. ಪ್ರಯೋಗಶಾಲೆಯ ಗಾಜು ಆಮೇಲೆ ಹೌದೆನ್ನುತ್ತಿತ್ತು. ಆ ಎರಡು ಬೆರಳ ತುದಿ ಸುಟ್ಟು ಸುಟ್ಟು ನುಣ್ಣಗೆ ಹೊಳೆಯುತ್ತದೆ. ಕಾರ್ಖಾನೆ ಮುಚ್ಚಬೇಕೆಂದು ರಾಜಧಾನಿಯಿಂದ ಆಜ್ಞೆ ಬಂದ ದಿನ ಅವಳು ಗೇಟಿನೆದುರು ನಿಂತು, ಇಲ್ಲದ ಗಡ್ಡ ಸವರಿ ತೋರಿಸಿ, ಬಾಯಿಗೆ ಬಂದದ್ದನ್ನೆಲ್ಲ ಬೈದಳು. ನಮ್ಮಲ್ಲಿ ಗಡ್ಡದ ಅಧ್ಯಕ್ಷರ ಹೆಸರು ಎತ್ತುವ ಬದಲು ಎಲ್ಲರೂ ಹೀಗೆಯೇ ಗಲ್ಲ ಸವರುವುದು. ಬೈಗುಳ ಮುಗಿಸಿ ಮನೆಗೆ ಬಂದು ಅನ್ನ, ಕರಿ ಹುರುಳಿ ಬೇಯಿಸಿ ಉಂಡಳು. ಯಾರೂ ಅವಳ ತಂಟೆಗೆ ಬರಲಿಲ್ಲ.

ಅದಾಗಿ ನಾಲ್ಕು ವರ್ಷಕ್ಕೆ, ಜುಲೈ ತಿಂಗಳ ಕಡೆಯ ಸಂಜೆ, ಟೀವಿಯಲ್ಲಿ ಒಂದು ಕಾಗದ ಓದಿದರು. ಅಧ್ಯಕ್ಷರ ಕರುಳಿಗೆ ಶಸ್ತ್ರಚಿಕಿತ್ಸೆಯಾಗಿದೆ. ಸದ್ಯಕ್ಕೆ ಅಧಿಕಾರ ತಮ್ಮನ ಕೈಯಲ್ಲಿ. ನಲವತ್ತೇಳು ವರ್ಷ ಒಂದೇ ದನಿ ಕೇಳಿದ್ದ ಊರು ಅಂದು ಕುರ್ಚಿ ಸಹ ಎಳೆಯದೆ ಕುಳಿತಿತ್ತು. ದೇಶ ಬಿಟ್ಟು ಅಮೆರಿಕದ ಮಯಾಮಿ ಸೇರಿದ್ದ ನಮ್ಮವರೇ ಬೀದಿಗಿಳಿದು ಕುಣಿದರಂತೆ ಎಂಬ ಸುದ್ದಿ ಬಂತು. ಅದರ ಹಿಂದೆಯೇ ಇನ್ನೊಂದು ಮಾತು ಮನೆಯಿಂದ ಮನೆಗೆ ಹರಿಯಿತು: ಮುದುಕ ಕಣ್ಣು ಮುಚ್ಚಿದರೆ ಅಮೆರಿಕದವರೊಂದಿಗೆ ರಾಜಿಯಾಗುತ್ತದೆ, ಹಳೆಯ ಒಡೆಯರು ತಮ್ಮ ತಮ್ಮ ಮನೆ ಕೇಳಿಕೊಂಡು ಬರುತ್ತಾರೆ.

ಬಂಗಲೆಯ ಇನ್ನರ್ಧದಲ್ಲಿದ್ದ ರೆಂಬೆರ್ತೊ ಈ ಮಾತನ್ನು ನಂಬಿಬಿಟ್ಟ. ಕಬ್ಬಿನ ರೈಲು ಓಡಿಸಿ ನಿವೃತ್ತನಾದವನು, ಓದಿಲಿಯಾಳಿಗಿಂತ ಎರಡು ವರ್ಷ ಚಿಕ್ಕವನು. ಹೆಂಡತಿ ನಿಲ್ದಾಗೆ ಉಬ್ಬಸ. ಹೋದ ವರ್ಷದ ಬಿರುಗಾಳಿ ಮಾಡಿನ ಅರ್ಧ ತಗಡು ಹಾರಿಸಿತ್ತು. ಎರಡೂ ಮನೆಗೆ ಒಂದೇ ಮಾಡು. ಕಾರ್ಖಾನೆ ಕೆಡವುವ ಮೇಸ್ತ್ರಿಯನ್ನು ಓದಿಲಿಯಾ ಕಾಡಿ ಬೇಡಿ, ಪಾಕಶಾಲೆಯ ತಗಡು ಇಳಿಸಿಕೊಳ್ಳಲು ಒಪ್ಪಿಸಿದ್ದಳು. ಹಳಿಯ ಮೇಲೆ ಕೈಗಾಡಿ ನೂಕಿ ತರಲು ರೆಂಬೆರ್ತೊನ ಹೆಗಲು ಬೇಕಿತ್ತು. ಇವತ್ತು ನಾಳೆ ಎನ್ನುತ್ತ ಅವನು ಜಾರಿಕೊಳ್ಳುತ್ತಿದ್ದ. ಬರಲಿರುವ ಒಡೆಯರ ದಾರಿ ನೋಡುತ್ತಿದ್ದನೆಂದು ಅವಳಿಗೆ ಆಗಸ್ಟಿನ ಒಂದು ಬೆಳಗ್ಗೆ ತಿಳಿಯಿತು.

"ಓದಿಲಿಯಕ್ಕಾ, ಇದ್ದೀಯಾ? ನೋಡು ಯಾರ್ ಬಂದವ್ರೆ! ಪ್ರೆಂಟಿಸ್ ಸಾಹೇಬ್ರ ಮೊಮ್ಮಗ!" ಎಂದು ಹೊರಗಿನಿಂದ ರೆಂಬೆರ್ತೊ ಕೂಗಿದ.

"ಯಾರಾದ್ರೇನು, ಕಾಲಿದ್ರೆ ಒಳಗ್ ಬರ್ಲಿ. ತಟ್ಟೋಕೆ ಬಾಗಿಲಿಲ್ಲ."

ಹೊಸ್ತಿಲಾಚೆ ನಿಂತವನಿಗೆ ಐವತ್ತರ ಹತ್ತಿರ. ಬಿಸಿಲಿಗೆ ಕೆಂಪೇರಿದ ಮುಖ, ಬಗಲಲ್ಲಿ ಕಾಗದದ ಚೀಲ, ಬಲಗೈಯಲ್ಲಿ ಉದ್ದನೆಯ ಹಿತ್ತಾಳೆ ಬೀಗದ ಕೈ. ಖಾಲಿ ಚೌಕಟ್ಟನ್ನೂ ಕೈಯಲ್ಲಿದ್ದ ಬೀಗದ ಕೈಯನ್ನೂ ಒಂದಾದ ಮೇಲೊಂದು ನೋಡುತ್ತಿದ್ದ. ಹೆಸರು ಹಾರ್ಲನ್. ಅಮೆರಿಕದಿಂದ ನೇರ ಬರುವ ಹಾಗಿಲ್ಲವೆಂದು ಮೆಕ್ಸಿಕೊ ಸುತ್ತಿಕೊಂಡು ಬಂದಿದ್ದ. ಅವನು ಆಡುತ್ತಿದ್ದದ್ದು ಪುಸ್ತಕದಿಂದ ಕಲಿತ ನಮ್ಮ ಭಾಷೆ.

"ಅಮ್ಮಾ, ಇಲ್ಲಿ ಒಂದು ಬಾಗಿಲು ಇದ್ದಿತಲ್ಲವೇ? ನನ್ನ ಅಜ್ಜಿ ಕಳೆದ ವರ್ಷ ತೀರಿಕೊಂಡರು. ಕೊನೆಯವರೆಗೂ ಇದು ಅವರ ದಿಂಬಿನ ಕೆಳಗಿತ್ತು."

"ಇತ್ತು. ಈಗ್ಲೂ ಇದೆ. ಕೂತ್ಕೊ, ಕಾಫಿ ಕುಡಿ. ಆರು ವಾರದಲ್ಲಿ ಬರ್ತೀನಿ ಅಂದಿದ್ಲಂತೆ ನಿಮ್ಮಜ್ಜಿ. ನಲವತ್ತಾರು ವರ್ಷ ಆಯ್ತು. ಪರ್ವಾಗಿಲ್ಲ, ಕಾಫಿ ಆರಿಲ್ಲ."

ಹಾರ್ಲನ್ ನಕ್ಕ. ಕೆಟ್ಟವನಲ್ಲ ಎಂದು ಓದಿಲಿಯಾಳಿಗೆ ಆಗಲೇ ಅನ್ನಿಸಿತು. ಕೆಟ್ಟವನಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅವಳು ಚೀಲ ಹಿಂಡಿ ಕಾಫಿ ಸೋಸಿ, ಮತ್ತೆ ಅದನ್ನು ಬೀಗದ ನಾಲಗೆಗೆ ತೂಗಿಬಿಟ್ಟಳು. ಹಾರ್ಲನ್ ಕಪ್ಪನ್ನು ಪಕ್ಕಕ್ಕೆ ಸರಿಸಿ ಎರಡು ಕಾಗದ ಹರಡಿದ. ಒಂದರಲ್ಲಿ ರೆಂಬೆರ್ತೊನ ಸಹಿ ಆಗಲೇ ಬಿದ್ದಿತ್ತು.

"ನಿಮ್ಮ ಅಧ್ಯಕ್ಷರಿಗೆ ಆರೋಗ್ಯ ಸರಿಯಿಲ್ಲ. ಒಂದಲ್ಲ ಒಂದು ದಿನ ಎರಡು ದೇಶಗಳು ಮಾತಿಗೆ ಕೂರುತ್ತವೆ. ಆಗ ನಿಮ್ಮನ್ನು ಯಾರೂ ಹೊರಗೆ ಹಾಕಬಾರದು. ಅದಕ್ಕೇ ಇದು. ಮನೆ ಪ್ರೆಂಟಿಸ್ ಕುಟುಂಬದ್ದು, ನೀವು ನಮ್ಮ ಪರವಾಗಿ ನೋಡಿಕೊಳ್ಳುತ್ತಿದ್ದೀರಿ, ಬದುಕಿರುವವರೆಗೆ ಇಲ್ಲೇ ಇರುತ್ತೀರಿ. ಇಷ್ಟೇ. ಮಾಡಿಗೆ ಹೊಸ ತಗಡು, ಗೋಡೆಗೆ ಬಣ್ಣ, ಒಂದು ಒಳ್ಳೆಯ ಬಾಗಿಲು, ಎಲ್ಲ ನಾನು ಮಾಡಿಸುತ್ತೇನೆ."

"ಸೈನ್ ಹಾಕಕ್ಕಾ" ಎಂದ ರೆಂಬೆರ್ತೊ. "ಅರ್ಧ ಮಾಡು ಹೊದಿಸೋಕಾಗಲ್ಲ. ನೀನ್ ಹಾಕಿದ್ರೆ ಮಾತ್ರ ನಂಗೂ ತಗಡು."

"ನೀನ್ ಯಾವಾಗ ಹಾಕ್ದೆ?"

"ನಿನ್ನೆ. ಮತ್ತೇನ್ ಮಾಡ್ಲಿ? ಇವ್ನು" ಎಂದು ಗಲ್ಲ ಸವರಿದ, "ಹೋದ ಮಾರನೇ ದಿನ ಏನಾಗ್ತದೋ ಯಾರ್ ಕಂಡವ್ರು? ಅವನ ಮೇಲೆ ನಿನಗ್ಯಾಕೆ ಅಷ್ಟು ಪ್ರೀತಿ? ಕಾರ್ಖಾನೆ ಮುಚ್ಚಿಸಿದ ದಿನ ಉಗಿದವಳು ನೀನೇ ಅಲ್ವಾ?"

"ಉಗಿದೆ. ಎದ್ದು ಬಂದ್ರೆ ಇನ್ನೊಂದ್ಸಲ ಉಗೀತೀನಿ. ಅದು ನಮ್ಮ ಮನೆ ಜಗಳ ಕಣೋ. ಆತ ಮಲಗಿದ್ದಾನೆ ಅಂತ ಪಕ್ಕದ್ಮನೆಯವರನ್ನ ಕರೆದು ಅಡುಗೆಮನೆ ಬರ್ಕೊಡ್ತಾರಾ?"

"ನಿಲ್ದಾ ಎದೆ ಗೊರಗೊರ ಅನ್ನೋದು ಹಲಗೆ ಗೋಡೆಯಾಚೆ ನಿಂಗೂ ಕೇಳ್ಸತ್ತೆ. ಇನ್ನೊಂದು ಬಿರುಗಾಳಿ ಬಂದು ಅವಳು ಹೋದ್ರೆ ನಿನ್ನ ಹಟಕ್ಕೆ ಏನ್ ಹೆಸರಿಡ್ಲಿ?"

ನಿಲ್ದಾಳ ಕೆಮ್ಮು ಓದಿಲಿಯಾಳ ನಿದ್ದೆಯನ್ನೂ ತಿಂದಿತ್ತು. ಸಹಿ ಹಾಕಿದರೆ ಇಬ್ಬರಿಗೂ ಒಣಗಿದ ಹಾಸಿಗೆ. ಹಾಕದಿದ್ದರೆ ರೆಂಬೆರ್ತೊ ಕೈಗಾಡಿಗೆ ಹೆಗಲು ಕೊಡುವುದಿಲ್ಲ, ಆ ಹಳೆಯ ತಗಡೂ ಇಲ್ಲ. ಅವಳು ಕಾಗದದ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು, ಪಾಕ ನೋಡುವ ಹಾಗೆ ಮೆಲ್ಲಗೆ ಉಜ್ಜಿದಳು.

"ಕಾಳು ಕಟ್ಟಿಲ್ಲ" ಎಂದಳು. ಆಮೇಲೆ ಹಾರ್ಲನ್ ಕಡೆ ತಿರುಗಿ, "ನೋಡಪ್ಪಾ, ನಿನ್ನ ಕಪ್ಪಿನ ಪಕ್ಕ ಏನಿದೆ?"

ಅವನು ಬಗ್ಗಿ ನೋಡಿದ. ಮೇಜಿನ ಮರದಲ್ಲಿ ಕಪ್ಪಿಟ್ಟ ಹಿತ್ತಾಳೆ ತಗಡು, ಅದರ ನಡುವೆ ತೂತು. ಬೆರಳಿಂದ ತಡವಿದ. ಕೂತಲ್ಲಿಂದ ಎದ್ದುಬಿಟ್ಟ. ಬೀಗದ ಕೈ ತೂರಿಸಿದ, ತಿರುಗಲಿಲ್ಲ. ಓದಿಲಿಯಾ ಬಾಳೆಕಾಯಿ ಕರಿದ ಬಾಣಲೆಯಿಂದ ಒಂದು ತೊಟ್ಟು ಹಂದಿ ಕೊಬ್ಬು ತೆಗೆದು ತೂತಿಗೆ ಬಿಟ್ಟಳು. ಎರಡನೆಯ ಸಲಕ್ಕೆ ಒಳಗೆ ಏನೋ ನರಳಿತು, ಕೈ ತಿರುಗಿತು, ನಲವತ್ತಾರು ವರ್ಷ ಹೊರಗಿದ್ದ ನಾಲಗೆ ಸರ್ರನೆ ಒಳಗೆ ಹೋಯಿತು. ಕಾಫಿ ಚೀಲ ಪಟ್ಟನೆ ನೆಲಕ್ಕೆ ಬಿತ್ತು.

"ಕೆಲಸ ಮಾಡುತ್ತದೆ!" ಹಾರ್ಲನ್ ಹಿಗ್ಗಿ ಮೇಜನ್ನು ತಟ್ಟಿದ. "ನೋಡಿ, ಇನ್ನೂ ಕೆಲಸ ಮಾಡುತ್ತದೆ! ಇದು ನಮ್ಮದೇ! ನಮ್ಮದೇ ಬಾಗಿಲು!"

ಮಾತು ಸಂತೋಷದಿಂದಲೇ ಬಂದದ್ದು. ಆದರೆ ಅದು ಮೇಜಿನ ಮೇಲೆ ಬಿದ್ದಲ್ಲೇ ಉಳಿಯಿತು. ರೆಂಬೆರ್ತೊ ಮೇಜನ್ನೇ ನೋಡುತ್ತಿದ್ದ. ಭಾನುವಾರ ಭಾನುವಾರ ಅವನು ದೊಮಿನೊ ಕುಟ್ಟಿ ಮೂಲೆ ಸವೆಸಿದ ಮೇಜು. ಅವನ ತಾಯಿಯ ಹೆಣವನ್ನು ಮಲಗಿಸಿ ಊರಿಗೆ ಕಾಫಿ ಕೊಟ್ಟ ಮೇಜು. ಈ ಮೇಜೂ ಅವರದಾಗುವುದೆಂದು ಅವನಿಗೆ ಆಗ ಹೊಳೆಯಿತು.

"ಸಾಹೇಬ್ರೇ" ಎಂದ, ಮೆಲ್ಲಗೆ ಕೈ ಚಾಚಿ ತನ್ನ ಸಹಿಯಿದ್ದ ಕಾಗದ ಎತ್ತಿಕೊಂಡು. "ಇದನ್ನ ನನ್ನ ಹೆಂಡ್ತಿಗೆ ಒಂದ್ಸಲ ತೋರಿಸ್ಬೇಕು. ಅವಳನ್ನ ಕೇಳ್ದೆ ಸೈನ್ ಹಾಕ್ಬಿಟ್ಟೆ, ತಪ್ಪಾಯ್ತು." ಕಾಗದವನ್ನು ನಾಲ್ಕಾಗಿ ಮಡಿಸಿ ಅಂಗಿಯೊಳಗೆ ತುರುಕಿದ. ಆ ಕಾಗದ ಮತ್ತೆ ಬೆಳಕು ಕಾಣಲಿಲ್ಲ.

"ಯಾವತ್ತಿಂದ ಹೆಂಡ್ತಿ ಮಾತ್ ಕೇಳೋಕೆ ಶುರು ಮಾಡ್ದೆ?" ಎಂದಳು ಓದಿಲಿಯಾ.

"ಬಾಯ್ಮುಚ್ಚೆ. ಕೈಗಾಡಿ ಎಲ್ಲಿಟ್ಟಿದ್ದೀಯ ಹೇಳು. ಚಕ್ರಕ್ಕೆ ಎಣ್ಣೆ ಬಿಟ್ಟಿದ್ದೀಯೋ, ಅದನ್ನೂ ನಾನೇ ಬಿಡ್ಬೇಕೋ?"

ಹಾರ್ಲನ್‌ಗೆ ಎಲ್ಲವೂ ತಿಳಿಯಿತೋ ಇಲ್ಲವೋ, ತಾನಾಡಿದ ಮಾತು ಚುಚ್ಚಿದ್ದು ಮಾತ್ರ ತಿಳಿಯಿತು. ಮುಖ ಇನ್ನಷ್ಟು ಕೆಂಪಾಯಿತು. ಉಳಿದ ಕಾಗದವನ್ನು ಅವನೇ ಹರಿದು ಚೀಲಕ್ಕೆ ಹಾಕಿಕೊಂಡ. ನೆಲದ ಮೇಲಿದ್ದ ಕಾಫಿ ಚೀಲವನ್ನು ಎತ್ತಿ ಕೊಡವಿ ಎರಡೂ ಕೈಯಲ್ಲಿ ಹಿಡಿದು ನಿಂತ.

"ಸಹಿ ಬೇಡ ಅಮ್ಮಾ. ಏನೂ ಬೇಡ. ತಗಡು ಮಾತ್ರ ಕಳಿಸುತ್ತೇನೆ, ಸುಮ್ಮನೆ, ಉಡುಗೊರೆ ಎಂದು ತಿಳಿಯಿರಿ. ಆ ಕಾಯಿಲೆಯ ಹೆಂಗಸಿಗಾಗಿ. ಇದನ್ನಾದರೂ ಬೇಡ ಎನ್ನಬೇಡಿ. ನೋಡಿ, ಈ ನಾಲಗೆಯೂ ಒಳಗೆ ಹೋಯಿತು. ಇನ್ನು ಯಾರ ಬಟ್ಟೆಗೂ ಸಿಕ್ಕುವುದಿಲ್ಲ."

ಓದಿಲಿಯಾ ಅವನ ಕೈಯಿಂದ ಚೀಲ ತೆಗೆದುಕೊಂಡಳು.

"ನೀನು ಒಳ್ಳೆಯವನು ತಮ್ಮಾ, ಅದಕ್ಕೇ ಬಾಯ್ಬಿಟ್ಟು ಹೇಳ್ತಿದೀನಿ. ನನ್ನ ಪಾಕದ ಕಡಾಯಿ ಮೇಲಿರೋ ತಗಡು ಮೂವತ್ತೊಂದು ವರ್ಷ ಸಕ್ಕರೆ ಹಬೆ ಕುಡಿದಿದೆ. ಅದನ್ನ ಇಳಿಸ್ತೀನಿ, ಇವನು ನೂಕ್ತಾನೆ, ನಿಲ್ದಾ ತಲೆ ಮೇಲೆ ಮೊದ್ಲು ಅದನ್ನೇ ಹೊದಿಸ್ತೀವಿ. ನಿನ್ನ ತಗಡಿನ ಕೆಳಗೆ ಮಲಗಿದ್ರೆ ಪ್ರತಿ ಮಳೆಗೂ ನಿಮ್ಮಜ್ಜಿ ನಡೆದಾಡಿದ ಹಾಗೆ ಕೇಳ್ಸತ್ತೆ ನಂಗೆ. ಬೇಡ. ಎರಡು ದೇಶ ಕೂತು ಮಾತಾಡ್ಲಿ, ನಂಗೂ ಬೇಕು ಅದು. ಇದೇ ಮೇಜಿಗೆ ಬರ್ಲಿ. ಆದ್ರೆ ಈ ಕಡೆ ಕುರ್ಚೀಲಿ ನಾನಿರ್ತೀನಿ. ಇನ್ನೊಂದ್ಸಲ ಬಂದ್ರೆ ಬರಿಗೈಲಿ ಬಾ, ಮರಗೆಣಸು ಬೇಯಿಸಿ ಹಾಕ್ತೀನಿ, ತಿಂದ್ಕೊಂಡು ಹೋಗು. ಈಗ ಆ ಬೀಗದ ಕೈ ತಿರುಗಿಸಿ ನಾಲಗೆ ವಾಪಸ್ ಹೊರಗೆ ಹಾಕು. ಬಟ್ಟೆ ಹರಿದ್ರೆ ನಾವು ಹೊಲ್ಕೋತೀವಿ. ನನ್ನ ಕಾಫಿ ಚೀಲ ಎಲ್ಲಿ ನೇತುಹಾಕ್ಲಿ?"