ಅಕ್ಕನ ಸೀಸೆಯ ಹುಳಿ ಜೇನು

ನಮ್ಮ ಬೀದಿಯ ಕ್ಷೌರಿಕನ ಕೈ ಎಂಥದ್ದೆಂದರೆ, ಗಲ್ಲದ ಮೇಲೆ ಕತ್ತಿ ಆಡುತ್ತಿರುವಾಗಲೇ ಗಿರಾಕಿಗಳು ಗೊರಕೆ ಹೊಡೆಯುತ್ತಿದ್ದರು. ಕೈಗಿದ್ದ ತಾಳ್ಮೆ ಬಾಯಿಗೆ ಇರಲಿಲ್ಲ. ಐವತ್ತು ತುಂಬಿದ ವರ್ಷ ಅಂಗಡಿಯ ತಾರಸಿ ಮೇಲೆ ಜೇನುಪೆಟ್ಟಿಗೆ ಇಟ್ಟವನು, ಮರುದಿನದಿಂದಲೇ ಕುರ್ಚಿಯಲ್ಲಿ ಕೂತವರಿಗೆಲ್ಲ ಜೇನಿನ ಪುರಾಣ ಶುರು ಮಾಡಿದ. ಕತ್ತಿಗೆ ಕೊರಳೊಡ್ಡಿ ಕೂತವರು ಎದ್ದು ಹೋಗುವುದಾದರೂ ಹೇಗೆ?

ಪೆಟ್ಟಿಗೆ ಮಾಡಿಕೊಟ್ಟು ಕೆಲಸ ಕಲಿಸಿದವನು ಹಿಂದಿನ ಬೀದಿಯ ವಯಸ್ಸಾದ ಬಡಗಿ. ಅವನು ಒತ್ತಿ ಹೇಳಿದ್ದು ಒಂದೇ ಮಾತು: “ಜೇನುಹುಳ ಗೂಡಿನ ಕೋಣೆಗಳ ಬಾಯಿಗೆ ಮೇಣದ ಮುಚ್ಚಳ ಹಾಕೋವರೆಗೂ ಕೈ ಹಾಕಬೇಡಪ್ಪಾ. ಅನುಮಾನ ಬಂದ್ರೆ ಗೂಡು ಕಟ್ಟಿದ ಚೌಕಟ್ಟು ಅಡ್ಡ ಹಿಡಿದು ಒಂದ್ಸಲ ಕೊಡವು. ಹನಿ ಉದುರಿತೋ, ಜೇನಿನ್ನೂ ಹಸಿ, ಸೀಸೆಗೆ ಹಾಕಿದ್ರೆ ಹುಳಿ ಬರುತ್ತೆ. ಮುಚ್ಚಿಟ್ಟು ಕೆಳಗಿಳಿ.”

ಎದುರಂಗಡಿ ದರ್ಜಿ ಸುಮ್ಮನಿರಬೇಕಲ್ಲ! “ಏನಣ್ಣಾ, ನಿನ್ನ ಜೇನು ಇನ್ನೂ ಹೂವಿನಲ್ಲೇ ಇದೆಯಾ? ಕಾದು ಕಾದು ನನ್ನ ಕೂದಲು ಎರಡು ಸಲ ಕತ್ತರಿಸಿದ್ದಾಯ್ತು.”

“ಬರೋ ಭಾನುವಾರ ಬಾರೋ, ಸೀಸೆ ಹಿಡ್ಕೊಂಡು ಹೋಗು!”

ಕ್ಷೌರಿಕನ ಬಾಯಿಂದ ಮಾತು ಜಾರಿತು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನಿಗೂ, “ಮೊದಲನೇ ಸೀಸೆ ನಿನಗೇ” ಎಂದು ಹೇಳಿಬಂದ.

ಭಾನುವಾರ ಚೌಕಟ್ಟು ಎತ್ತಿದರೆ ಅಂಗೈಯಗಲ ಮಾತ್ರ ಮೇಣ ಕಟ್ಟಿತ್ತು. ಉಳಿದದ್ದೆಲ್ಲ ತೆರೆದ ಬಾಯಿ. ಅಡ್ಡ ಹಿಡಿದು ಕೊಡವಿದ. ಟಪಟಪ ನಾಲ್ಕು ಹನಿ ಪಾದದ ಮೇಲೆ ಬಿದ್ದವು. ಕೆಳಗೆ ದರ್ಜಿಯ ಸಿಳ್ಳೆ ಕೇಳುತ್ತಿತ್ತು. ಕ್ಷೌರಿಕ ಹೆಗಲ ಮೇಲಿನ ಟವೆಲಿನಿಂದ ಪಾದ ಒರೆಸಿಕೊಂಡ.

ಹನ್ನೊಂದು ಸೀಸೆ ತುಂಬಿತು. ಕನ್ನಡಿಯ ಮುಂದೆ ಸಾಲಾಗಿಟ್ಟರೆ ಇಪ್ಪತ್ತೆರಡು ಕಾಣುತ್ತಿದ್ದವು. ಒಂದು ಅಕ್ಕನ ಮನೆಗೆ ಹೋಯಿತು, ಒಂದು ಮೆರೆಸಲೆಂದು ಅಲ್ಲೇ ಉಳಿಯಿತು, ಉಳಿದವು ಸಂಜೆಯೊಳಗೆ ಮಾರಿ ಹೋದವು.

ಮೂರು ವಾರ ಕಳೆಯಿತು. ದರ್ಜಿಯ ಒಂದು ಕೆನ್ನೆಗೆ ಕತ್ತಿ ಆಡಿಸಿ ಇನ್ನೊಂದಕ್ಕೆ ಹೊರಳುವಷ್ಟರಲ್ಲಿ, ಕನ್ನಡಿ ಮುಂದಿದ್ದ ಸೀಸೆಯ ಮುಚ್ಚಳ ಢಬ್ಬೆಂದು ಹಾರಿತು. ನೊರೆ ಉಕ್ಕಿ ಬಾಚಣಿಗೆಗಳ ಮೇಲೆಲ್ಲ ಹರಿಯಿತು.

“ಅಯ್ಯಯ್ಯೋ! ಜೇನು ಮಾರಿದೆಯೋ, ಬಾಂಬ್ ಮಾರಿದೆಯೋ?” ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕವನ ಕೆನ್ನೆಯಲ್ಲಿ ಸಣ್ಣ ಕೆಂಪು ಗೆರೆ ಮೂಡಿತು. ಮೂವತ್ತು ವರ್ಷದಲ್ಲಿ ಆ ಕತ್ತಿ ಗಿರಾಕಿಗೆ ಗಾಯ ಮಾಡಿದ್ದು ಅದೇ ಮೊದಲು.

ಗಾಯಕ್ಕೆ ಪಟಿಕ ಒತ್ತಿ, ಅಂಗಡಿ ಬಾಗಿಲೆಳೆದು, ನೇರ ಅಕ್ಕನ ಮನೆಗೆ ಓಡಿದ. ಅಡುಗೆಮನೆಯಲ್ಲಿ ಸೀಸೆ ಮುಕ್ಕಾಲು ಖಾಲಿಯಾಗಿತ್ತು. ಮುಚ್ಚಳ ಸಡಿಲವಾಗಿತ್ತು. ಉಕ್ಕಿದ್ದು ಚೆಲ್ಲದಿರಲೆಂದು ಕೆಳಗೊಂದು ತಟ್ಟೆ. ಬೆರಳದ್ದಿ ಬಾಯಿಗಿಟ್ಟರೆ ಹುಳಿಗೆ ದವಡೆ ಜುಮ್ಮೆಂದಿತು.

“ಅಕ್ಕಾ, ಇದನ್ನಾ ತಿಂತಿದ್ದೀಯ?”

“ದಿನಾ ಬೆಳಗ್ಗೆ ಒಂದು ಚಮಚ. ಚೆನ್ನಾಗೇ ಇದೆ ಕಣೋ.”

“ಸುಳ್ಳು ಹೇಳಬೇಡ.”

“ನೀನು ಕತ್ತಿ ಹಿಡಿಯೋದು ಕಲಿಯುವಾಗ ನಿಮ್ಮ ಭಾವನ ಅರ್ಧ ಮೀಸೆ ಹಾರಿಸಿರಲಿಲ್ವೇನೋ? ಆಗಲೂ ಚೆನ್ನಾಗಿದೆ ಅಂದಿದ್ದೆ. ಹೊಸಬ ನೀನು, ಪಾಪ, ಗೊತ್ತಿಲ್ಲದೆ ಮಾಡಿದೆ.”

ಆ ಮಾತಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು ಅವನಿಗೆ. ತಲೆದೂಗಿ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಗೊತ್ತಿತ್ತು ಅಕ್ಕಾ. ಅಡ್ಡ ಹಿಡಿದು ಕೊಡವಿದಾಗ ಹನಿ ಉದುರಿದ್ದು ನೋಡಿದೆ. ಒರೆಸ್ಕೊಂಡೆ.”

ಅಕ್ಕನ ನಗು ನಿಂತಿತು. ಸೀಸೆಯನ್ನು ಅವನ ಕಡೆ ಸರಿಸಿ, “ಹಾಗಾದ್ರೆ ತಗೊಂಡು ಹೋಗು” ಎಂದಷ್ಟೇ ಹೇಳಿ ಒಳಗೆ ಹೋದಳು.

ಮಾರಿದ ಸೀಸೆಗಳನ್ನು ವಾಪಸ್ ತರಲು ಕೈಯಲ್ಲಿ ಚೀಲ ಹಿಡಿದು ಅವನು ಮನೆ ಮನೆ ತಿರುಗಿದ. “ಹಸಿ ಅಂತ ಗೊತ್ತಿದ್ದೇ ಕೊಟ್ಟೆ” ಎಂದು ಪ್ರತಿ ಹೊಸ್ತಿಲಲ್ಲೂ ಹೇಳಿದ. ಕೆಲವರು ನಕ್ಕರು, ಒಬ್ಬಳು ಸೀಸೆಯನ್ನು ಹೊರಗಿಟ್ಟು ಕದ ಹಾಕಿಕೊಂಡಳು. “ಹುಳಕ್ಕೂ ಹಾಕಬೇಡ, ಅದರ ಹೊಟ್ಟೆನೂ ಕೆಡುತ್ತೆ” ಎಂದ ಬಡಗಿ. ಕ್ಷೌರಿಕ ಗುಂಡಿ ತೋಡಿ ಎಲ್ಲವನ್ನೂ ಸುರಿದು ಮಣ್ಣು ಮುಚ್ಚಿದ.

ಮತ್ತೆ ಹೂವಿನ ಕಾಲ ಬಂತು. ದರ್ಜಿ ಎಷ್ಟು ಕೆಣಕಿದರೂ ಕ್ಷೌರಿಕ ಬಾಯಿ ಬಿಡಲಿಲ್ಲ. ಚೌಕಟ್ಟಿನ ತುಂಬ ಮೇಣ ಬೆಳ್ಳಗೆ ಕಟ್ಟಿದ ಮೇಲೆ, ಮುಚ್ಚಳ ಬಿಡಿಸದೆ ಜೇನುಗೂಡಿನ ಒಂದು ತುಂಡು ಕೊಯ್ದು ತಟ್ಟೆಯಲ್ಲಿ ಅಕ್ಕನ ಮುಂದೆ ಇಟ್ಟ. ಅವಳ ಮುಖ ನೋಡಲು ಧೈರ್ಯ ಸಾಲದೆ ತನ್ನ ಪಾದವನ್ನೇ ನೋಡುತ್ತಾ ನಿಂತ.

ಅಕ್ಕ ಚಾಕುವಿನ ತುದಿಯಿಂದ ಮೇಣ ಕೆತ್ತಿದಳು. ತುಂಡನ್ನು ಅಡ್ಡ ಹಿಡಿದು ಒಮ್ಮೆ ಕೊಡವಿದಳು. ಒಂದು ಹನಿಯೂ ಬೀಳಲಿಲ್ಲ.

“ಕೂತ್ಕೋ,” ಎಂದಳು. “ನಿನಗೂ ಒಂದು ಚಮಚ ತರ್ತೀನಿ.”