ಹಂದಿಯ ಹ

ನನ್ನ ಮಾವನಿಗೆ ಬರುತ್ತಿದ್ದದ್ದು ಎರಡೇ ಅಕ್ಷರ, ‘ಹ’ ಮತ್ತು ‘ರಾ’. ಎರಡನ್ನೂ ಕಲಿಸಿದ್ದು ನಾನು, ಅವರ ಕೋವಿಯ ತೋಟಾಗಳಿಗೋಸ್ಕರ.

ದೇವರಾಯಸಮುದ್ರದ ಆಚೆಗೆ ನಮ್ಮ ಊರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಗುಡ್ಡದಿಂದ ಇಳಿದು ಬರುತ್ತಿದ್ದ ಹಂದಿಗಳು ರಾಗಿ ಹೊಲವನ್ನು ಒಂದೇ ಸರ್ತಿಗೆ ಮಗುಚಿ ಹಾಕಿ ಹೋಗುತ್ತಿದ್ದವು. ಬೆಳೆ ಕಾಯುವುದಕ್ಕೆಂದು ಮಾವನ ಹೆಸರಲ್ಲಿ ಲೈಸೆನ್ಸಿನ ಒಂಟಿ ನಳಿಗೆ ಕೋವಿ ಇತ್ತು. ಅಂಗಡಿಯ ತೋಟಾ ಸಾಲುತ್ತಿರಲಿಲ್ಲ. ಹಾರಿಸಿದ ಮೇಲೆ ಉಳಿಯುವ ಖಾಲಿ ಕೊಳವೆಗಳನ್ನು ಆರಿಸಿ ತಂದು ಮನೆಯಲ್ಲೇ ಮತ್ತೆ ತುಂಬುತ್ತಿದ್ದೆವು. ಅದಕ್ಕೆ ಕಾನೂನು ಏನನ್ನುತ್ತದೆ ಎಂದು ನಾವೂ ಕೇಳಲಿಲ್ಲ, ನಮಗೆ ಯಾರೂ ಹೇಳಲಿಲ್ಲ. ಹಿಂದೆ ಹಾಗೆ ತುಂಬುವಾಗ ಮದ್ದು ಹತ್ತಿಕೊಂಡು ಮಾವನ ಎಡಗೈಯ ಎರಡು ಬೆರಳು ಹಾರಿಹೋಗಿದ್ದವು. ನನ್ನ ಗಂಡನ ಕೈ ಸಾರಾಯಿಗೆ ನಡುಗುತ್ತಿತ್ತು. ಮೈದುನ ಬೇರೆ ಮನೆ ಮಾಡಿದ್ದ. ಉಳಿದವಳು ಐದನೇ ಕ್ಲಾಸು ಓದಿದ ಸೊಸೆ. ಮದುವೆಯಾಗಿ ಬಂದ ವರ್ಷವೇ ಆ ಕೆಲಸ ನನ್ನ ತಲೆಗೆ ಬಂತು.

ಒಲೆ ಪೂರ್ತಿ ಆರಿದ ಮೇಲೆ ಹಿತ್ತಲ ಬಾಗಿಲ ಬೆಳಕಿನಲ್ಲಿ ಕೂರುತ್ತಿದ್ದೆ. ಕೊಳವೆಯ ತಳಕ್ಕೆ ಕಿಡಿ ಹೊತ್ತಿಸುವ ಕೇಪು ಕೂರಿಸಿ, ಮದ್ದು ಹಾಕಿ, ರಟ್ಟಿನ ಬಿಲ್ಲೆ ಒತ್ತಿ, ಸೀಸದ ಗುಂಡು ಸುರಿದು, ಮೇಲೊಂದು ಬಿಲ್ಲೆ ಇಟ್ಟು ಮೇಣ ಹಚ್ಚುವುದು. ಬಿಲ್ಲೆಗಳನ್ನು ಹಳೆಯ ಲಗ್ನಪತ್ರಿಕೆಗಳಿಂದ ಕತ್ತರಿಸುತ್ತಿದ್ದೆ. ನನ್ನದೂ ಹಾಗೇ ಖರ್ಚಾಯಿತು, ಅದಕ್ಕೇನೂ ಬೇಜಾರಿಲ್ಲ. ಮೇಲಿನ ಬಿಲ್ಲೆಯ ಮೇಲೆ ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ಸೀಸ ತುಂಬಿದ್ದು ಹಂದಿಗೆ, ಅದಕ್ಕೆ ‘ಹ’. ಗಿಳಿ, ಕೋತಿಗಳನ್ನು ಬೆದರಿಸಲು ಸೀಸದ ಬದಲು ರಾಗಿ, ಅದಕ್ಕೆ ‘ರಾ’. ರಾಗಿ ತೋಟಾ ಹಾರಿಸಿದರೆ ಹೊಲದ ತುಂಬ ಹುರಿಹಿಟ್ಟಿನ ವಾಸನೆ ಬರುತ್ತಿತ್ತು. ಮಾವ ಪ್ರತಿಯೊಂದನ್ನೂ ಅಂಗೈಯಲ್ಲಿ ಆಡಿಸಿ ತೂಕ ನೋಡುತ್ತಿದ್ದರು. ಆಮೇಲೆ ಅಕ್ಷರ ನೋಡಿ, “ಹ. ಸರಿಯಾಗೈತೆ” ಎನ್ನುತ್ತಿದ್ದರು. ಓದಿದ ಖುಷಿಗೆ ಇನ್ನೊಂದು ಸಲವೂ ಹೇಳುತ್ತಿದ್ದರು.

ಅಣ್ಣತಮ್ಮಂದಿರ ನಡುವೆ ಪಾಲಾಗದೆ ಉಳಿದಿದ್ದು ಬಾವಿಯೊಂದೇ. ಒಂದು ಮೋಟಾರು, ಇಬ್ಬರ ಸರದಿ. ಕರೆಂಟು ಬಂದಾಗೆಲ್ಲ ಜಗಳವೂ ಬರುತ್ತಿತ್ತು. ಮೈದುನನ ಹಿಪ್ಪುನೇರಳೆಗೆ ನೀರು ಹರಿಯುವಾಗ ನನ್ನ ಗಂಡ ಹೋಗಿ ಮೋಟಾರು ನಿಲ್ಲಿಸುತ್ತಿದ್ದ. ನಮ್ಮ ಟೊಮೇಟೊಗೆ ಹರಿಯುವಾಗ ಅವನು ನಿಲ್ಲಿಸುತ್ತಿದ್ದ. ಆ ಜಗಳದಲ್ಲೇ ಒಮ್ಮೆ ನನ್ನ ಗಂಡ ಅವನ ಎರಡು ಹಲ್ಲು ಉದುರಿಸಿದ್ದ. ಮೈದುನ ನಮ್ಮ ಎತ್ತಿನ ಕಾಲಿಗೆ ಮಚ್ಚು ಬೀಸಿದ್ದ. ಈ ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹೇಗೆ ಹುಟ್ಟಿದರು ಎಂದು ನನಗೆ ಮೈ ಉರಿಯುತ್ತಿತ್ತು.

ರಾಗಿ ಕೊಯ್ಲಿನ ದಿನಗಳಲ್ಲಿ ಒಂದು ಬೆಳಿಗ್ಗೆ ಗಂಡ ಬಾವಿಯಿಂದ ರಕ್ತ ಸುರಿಸಿಕೊಂಡು ಬಂದ. ಮೈದುನ ಗುದ್ದಲಿ ಕಾವಿನಿಂದ ಹೊಡೆದಿದ್ದ. ತಲೆ ಬಿಚ್ಚಿಕೊಂಡು ಕಿವಿಯ ಮೇಲೆ ತೊಗಲು ಜೋತಾಡುತ್ತಿತ್ತು. ನಾನು ಬಟ್ಟೆ ಒತ್ತಲು ಹೋದರೆ ಕೈ ತಳ್ಳಿದ.

“ಹಂದಿ ತೋಟಾ ನಾಲ್ಕು ರೆಡಿ ಮಾಡಿಡೇ. ಮುಳಬಾಗಿಲಿಗೆ ಹೋಗಿ ಹೊಲಿಗೆ ಹಾಕಿಸ್ಕೊಂಡು ಬರ್ತೀನಿ. ಇವತ್ತು ಅವನ್ನ ಮುಗಿಸ್ದೇ ಇದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದವನೇ ಅಲ್ಲ.”

ಕುಡಿದು ಆಡಿದ ಮಾತಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವನು ಕುಡಿದಿರಲಿಲ್ಲ. ಮಾವ ಆಗ ಹೊಲದಲ್ಲಿದ್ದರು; ಅವರಿಗೆ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೇಳಿದರೆ ಗಂಡ ನನ್ನನ್ನು ಬಿಡುವುದಿಲ್ಲ ಎಂದು ಬಾಯಿ ಮುಚ್ಚಿಕೊಂಡೆ. ತೋಟಾ ಇಲ್ಲ ಅಂದರೆ ಮಚ್ಚು ಹಿಡಿಯುತ್ತಾನೆ. ಹಾಗಾಗಿ ತುಂಬಿದೆ. ಡಬ್ಬಿಯಲ್ಲಿದ್ದ ಹಳೆಯ ‘ಹ’ ಎರಡನ್ನೂ ಬಿಚ್ಚಿ ಸೀಸವನ್ನು ಹೊರಗೆ ಸುರಿದೆ. ಹೊಸದು ಎರಡು ಸೇರಿಸಿ ನಾಲ್ಕಕ್ಕೂ ರಾಗಿ ತುಂಬಿದೆ. ಹತ್ತಿರದಿಂದ ಹೊಡೆದರೆ ರಾಗಿಯೂ ತೊಗಲು ಕಿತ್ತುಹಾಕುತ್ತದೆ, ಕಣ್ಣೂ ಹೋಗಬಹುದು. ಆದರೂ ಮೈದುನ ಜೀವಂತ ಉಳಿದಾನು ಅಂದುಕೊಂಡೆ. ನಾಲ್ಕರ ಮೇಲೂ ನನ್ನ ದುಂಡನೆಯ ‘ಹ’ ಬರೆದು ಮೊದಲಿನ ಜಾಗದಲ್ಲೇ ಇಟ್ಟೆ. ಸೀಸದ ತೂಕ ರಾಗಿಗೆ ಬರುವುದಿಲ್ಲ, ಆದರೆ ಗಂಡ ತೂಕ ನೋಡುವವನಲ್ಲ.

ಮಧ್ಯಾಹ್ನ ಹಿತ್ತಲಲ್ಲಿ ಗಂಡನ ಅಂಗಿಯ ರಕ್ತ ಉಜ್ಜುತ್ತಿದ್ದೆ. ಹೊಲದ ಕಡೆಯಿಂದ ಕೂಗು ಎದ್ದಿತು. ಕೊಯ್ಯದೆ ಉಳಿದಿದ್ದ ಕೊನೆಯ ಪಟ್ಟಿಯಲ್ಲಿ ಒಂಟಿ ಹಂದಿಯೊಂದು ಅವಿತಿದ್ದು, ಕುಡುಗೋಲು ಹತ್ತಿರವಾದಾಗ ಕೊಯ್ಯುವವರ ಮೇಲೆ ಬಿದ್ದಿತ್ತಂತೆ. ಮಾವ ಓಡಿಬಂದು ಕೋವಿ, ತೋಟಾ ತೆಗೆದುಕೊಂಡು ಮುಂಬಾಗಿಲಿಂದಲೇ ಹೋಗಿಬಿಟ್ಟರು. ನಾನು ಒಳಗೆ ಬಂದು ನೋಡಿದರೆ ಗೋಡೆಯ ಮೇಲೆ ಕೋವಿ ಇಲ್ಲ, ಡಬ್ಬಿಯ ಮುಚ್ಚಳ ನೆಲದಲ್ಲಿದೆ.

“ಮಾವಾ, ಬ್ಯಾಡ, ಅದು ಹಂದೀದಲ್ಲ” ಎಂದು ಗಂಟಲು ಹರಿಯುವಂತೆ ಕೂಗಿಕೊಂಡು ಓಡಿದೆ. ಜನ ಡಬ್ಬ ಬಡಿಯುತ್ತಿದ್ದ ಗದ್ದಲದಲ್ಲಿ ಅವರಿಗೆ ಕೇಳಲಿಲ್ಲ. ಹತ್ತು ಹೆಜ್ಜೆ ದೂರದಿಂದ ಮಾವ ಗುರಿಯಿಟ್ಟು ಹೊಡೆದರು. ಹಂದಿ ಒಂದು ಸಲ ತಲೆ ಒದರಿತು. ನನ್ನ ಮೂಗಿಗೆ ಹುರಿಹಿಟ್ಟಿನ ವಾಸನೆ ಬಂತು. ಮಾವ ಕೋವಿ ಇಳಿಸಿ ನಳಿಗೆಯ ಬಾಯಿಯನ್ನೇ ನೋಡುತ್ತ ನಿಂತರು, ಓಡಲಿಲ್ಲ. ಹಂದಿ ಬಂದು ಅವರ ತೊಡೆಯನ್ನು ಕೆಳಗಿಂದ ಮೇಲಕ್ಕೆ ಸೀಳಿತು. ಬಿದ್ದ ಮೇಲೂ ಬಿಡಲಿಲ್ಲ, ಮೊಣಕಾಲಿನ ಹತ್ತಿರ ಮೂಳೆ ಕಾಣುವವರೆಗೆ ತಿವಿಯಿತು.

ಕೂಗು ಕೇಳಿ ಓಡಿಬಂದು ಅದರ ಮೇಲೆ ಹಾರಿದವನು ಮೈದುನ. ಆ ತೋಟಾ ಯಾರಿಗೆಂದು ತುಂಬಿದ್ದೋ ಅವನೇ. ಮಚ್ಚಿನಿಂದ ಕುತ್ತಿಗೆಗೆ, ಮೂತಿಗೆ, ಬೆನ್ನಿಗೆ ಕಡಿದ. ಹಂದಿ ಸತ್ತಿದ್ದು ಗೊತ್ತಾದ ಮೇಲೂ ಅಳುತ್ತಾ ಕಡಿಯುತ್ತಲೇ ಇದ್ದ. ಮುಖವೆಲ್ಲ ರಕ್ತ, ಯಾರದ್ದೋ ಏನೋ. ಆಮೇಲೆ ಅಪ್ಪನನ್ನು ಹೆಗಲಿಗೆ ಹಾಕಿಕೊಂಡು ಮದ್ರಾಸು ರಸ್ತೆಗೆ ಓಡಿದ. ತಲೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಬರುತ್ತಿದ್ದ ಗಂಡ ಅಲ್ಲಿ ಎದುರಾದ. ಇಬ್ಬರೂ ಮಾತಾಡದೆ ಅಪ್ಪನನ್ನು ಲಾರಿಗೆ ಹತ್ತಿಸಿ ಕೋಲಾರದ ಆಸ್ಪತ್ರೆಗೆ ಸೇರಿಸಿದರು.

ಮೂರನೇ ದಿನ ಗಂಡ ಮನೆಗೆ ಬಂದು ಉಳಿದ ತೋಟಾಗಳನ್ನು ರುಬ್ಬುಗುಂಡಿನ ಹತ್ತಿರ ಕೂತು ಚಾಕುವಿನಿಂದ ಬಿಚ್ಚಿದ. ಹತ್ತು ಹೆಜ್ಜೆಗೆ ಅಪ್ಪನ ಗುರಿ ತಪ್ಪಿದ್ದು ಅವನಿಗೆ ನಂಬಿಕೆಯಾಗಿರಲಿಲ್ಲ. ಮೂರರಿಂದಲೂ ರಾಗಿ ಸುರಿಯಿತು. ನನ್ನ ಜಡೆ ಹಿಡಿದು ಗೋಡೆಗೆ ಬಡಿದ.

“ನಮ್ಮಪ್ಪನ್ನ ಹಂದಿ ಬಾಯಿಗೆ ಕೊಟ್ಟೆಯಲ್ಲೇ, ಮುಂಡೆ.”

“ಯಾರಿಗೆ ಅಂತ ತುಂಬಿಸ್ದೆ ನೀನು? ಅದನ್ನೂ ಹೇಳು” ಎಂದೆ. ಕೋವಿಯ ಹಿಡಿಯಿಂದ ಹೊಡೆದ. ಅಡ್ಡ ಹಿಡಿದ ಬಲಗೈಯ ಉಂಗುರದ ಬೆರಳು ಮುರಿಯಿತು. ಅದು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅಷ್ಟು ಹೊಡೆಸಿಕೊಂಡರೂ ನನಗೆ ಅವನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟೇ ಹೆಚ್ಚು.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಹಾಸಿಗೆಯ ಆ ಕಡೆ ಒಬ್ಬ, ಈ ಕಡೆ ಒಬ್ಬ ಮಗ. ಮಾವನ ಗಾಯದಿಂದ ಕೊಳೆತ ವಾಸನೆ ಬರುತ್ತಿತ್ತು. ನನ್ನ ಊದಿದ ಮುಖ ನೋಡಿ ಮಾವ ಗಂಡನ ಕಡೆ ತಿರುಗಿದರು.

“ಅವಳನ್ನ ಯಾಕ್ಲಾ ಹೊಡ್ದೆ? ರಾಗಿ ತುಂಬು ಅಂತ ಹೇಳಿದ್ದು ನಾನು. ನೀವಿಬ್ರೂ ತುಪಾಕಿ ತಗೊಂಡು ಕಾದಾಡ್ತೀರ ಅಂತ ಭಯ ಇತ್ತು. ಆತುರದಲ್ಲಿ ನಾನೇ ಮರ್ತು ಅದನ್ನ ಹಾಕ್ಬಿಟ್ಟೆ.”

ಅವರು ಹಾಗೆ ಹೇಳಿರಲೇ ಇಲ್ಲ. ನಾನು ಬಾಯಿ ಬಿಡಲು ಹೋದರೆ ಕಣ್ಣಲ್ಲೇ ತಡೆದರು. ಮಕ್ಕಳಿಬ್ಬರೂ ತಲೆ ತಗ್ಗಿಸಿದರು. ಮೈದುನ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಗಂಡನೂ ಹೋದ.

ಇಬ್ಬರೇ ಉಳಿದಾಗ ನಾನು ಅವರ ಕಾಲ ಹತ್ತಿರ ಕೂತು ಅತ್ತೆ. “ನೀವು ಯಾವಾಗ್ಲೂ ತೂಕ ನೋಡ್ತಿದ್ರಲ್ಲ ಮಾವ. ಅವತ್ತು ಯಾಕೆ ನೋಡ್ಲಿಲ್ಲ?”

“ನೋಡ್ದೆ ಕಣಮ್ಮ” ಎಂದರು. “ಕೈಗೆ ಹಗುರ ಬಂತು. ಬಿಲ್ಲೆ ನೋಡಿದ್ರೆ ಹ ಅಂತ ಐತೆ. ಕೈಗೆ ವಯಸ್ಸಾಯ್ತೇನೋ, ಅಕ್ಷರ ಯಾಕೆ ಸುಳ್ಳು ಹೇಳ್ತದೆ, ಅಂದ್ಕೊಂಡೆ.”

ಆ ಹೊತ್ತಿಗೆ ನರ್ಸು ಒಂದು ಕಾಗದ ತಂದು ಸಹಿ ಬೇಕು ಎಂದಳು. ಮಕ್ಕಳನ್ನು ಕರೆಯುತ್ತೇನೆಂದು ನಾನು ಎದ್ದೆ. ಮಾವ ಕಾಗದವನ್ನು ನನ್ನ ಕೈಗೇ ಕೊಟ್ಟರು. “ನೀನೇ ಓದು.”

ಓದಿದೆ. ಗಾಯ ಕೊಳೆತಿರುವುದರಿಂದ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸುವುದಕ್ಕೆ, ಜೀವಕ್ಕೆ ಅಪಾಯವಾದರೂ ತನ್ನ ತಕರಾರಿಲ್ಲವೆಂದು, ರೋಗಿಯ ಒಪ್ಪಿಗೆ. ಒಂದಕ್ಷರ ಬಿಡದೆ ಓದಿದೆ.

ಮಾವ ನನ್ನ ಮುಖ ನೋಡಿದರು.

“ಇದ್ದದ್ದನ್ನೇ ಓದಿದ್ಯೇನಮ್ಮ?”

“ಇದ್ದದ್ದನ್ನೇ ಓದಿದೀನಿ ಮಾವ.”

ಮೂರು ಬೆರಳಿನ ಎಡಗೈಯನ್ನು ನನ್ನ ಮುಂದೆ ಚಾಚಿದರು. ನಾನು ಹೆಬ್ಬೆಟ್ಟಿಗೆ ಮಸಿ ಹಚ್ಚಿ, ಹಿಡಿದು ಕಾಗದದ ಮೇಲೆ ಒತ್ತಿದೆ.